ಅಶ್ವತ್ಥನ ಚಪ್ಪಲಿ ಸ್ಟ್ಯಾಂಡು

ಸಹಕಾರನಗರದ ಆ ಎರಡನೇ ಮಹಡಿಯ ಮನೆಯಲ್ಲಿ ಅಶ್ವತ್ಥನಿಗೆ ಸ್ವಂತದ್ದು ಅಂತ ಇದ್ದದ್ದು ಹಿಂದಿನ ಬಾಲ್ಕನಿ ಒಂದೇ. ಅವನ ಗರಗಸ, ಉಳಿ, ಡ್ರಿಲ್ಲು ಇದ್ದದ್ದು ಅಲ್ಲಿ; ಯಾರೋ ಬಿಸಾಡಿದ ಮಂಚದ ಕಾಲು, ಮುರಿದ ಕಿಟಕಿ, ಪ್ಯಾಕಿಂಗ್ ಹಲಗೆಗಳು ಬಂದು ಸೇರುತ್ತಿದ್ದದ್ದೂ ಅಲ್ಲಿಗೇ. ವಾರವಿಡೀ ವಿಮಾ ಕಚೇರಿಯಲ್ಲಿ ಕಂಪ್ಯೂಟರ್ ಕುಟ್ಟುವ ಈ ಮಹಾಶಯ ಭಾನುವಾರ ಬಂತೆಂದರೆ ಸಾಕ್ಷಾತ್ ವಿಶ್ವಕರ್ಮ. ಹಳೇ ಮರಕ್ಕೆ ಮರುಜನ್ಮ ಕೊಡುವುದೇ ಅವನ ಪರಮ ಗುರಿ. (ಈವರೆಗೆ ಮರುಜನ್ಮ ಪಡೆದ ಮೂರು ಸ್ಟೂಲುಗಳಲ್ಲಿ ಎರಡು ಕುಂಟು. ಮೂರನೆಯದರ ಮೇಲೆ ಕೂರುವ ಧೈರ್ಯ ಯಾರೂ ಮಾಡಿಲ್ಲ.)

ಹೆಂಡತಿ ರಮ್ಯಳ ಕಣ್ಣು ಬಹಳ ದಿನದಿಂದ ಆ ಬಾಲ್ಕನಿಯ ಮೇಲಿತ್ತು. ಮುಂಬಾಗಿಲಲ್ಲಿ ಚಪ್ಪಲಿಗಳು ಹರಡಿಕೊಂಡು, ಬಂದವರು ಕುಂಟಾಬಿಲ್ಲೆ ಆಡುತ್ತಲೇ ಒಳಗೆ ಬರಬೇಕಿತ್ತು.

"ನಿಮ್ಮ ಗುಜರಿ ಖಾಲಿ ಮಾಡಿ. ಬಾಲ್ಕನೀಲಿ ಒಂದು ಪ್ಲಾಸ್ಟಿಕ್ ಸ್ಟ್ಯಾಂಡ್ ಇಟ್ಟು ಚಪ್ಪಲಿ ಜೋಡಿಸ್ತೀನಿ."

"ಪ್ಲಾಸ್ಟಿಕ್ಕಾ? ಮರದಲ್ಲಿ ನಾನೇ ಮಾಡ್ಕೊಡ್ತೀನಿ ಕಣೇ, ಮುಂಬಾಗಿಲ ಪಕ್ಕಕ್ಕೆ. ಮೇಲೆ ಕೂತು ಶೂ ಹಾಕ್ಕೋಬಹುದು, ಕೆಳಗೆ ಹನ್ನೆರಡು ಜೊತೆ ಹಿಡಿಸುತ್ತೆ."

"ಆ ಮೂರನೇ ಸ್ಟೂಲ್ ಥರಾನಾ?"

"ಒಂದು ತಿಂಗಳು ಟೈಮ್ ಕೊಡು. ಚಪ್ಪಲಿ ಅದರಲ್ಲಿ ನಿಲ್ಲಲಿಲ್ಲ ಅಂದ್ರೆ ಬಾಲ್ಕನಿ ನಿಂದು. ನಿಂತ್ರೆ ಮಾತ್ರ ನೀನು ಆ ಕಡೆ ತಲೆ ಹಾಕ್ಬಾರ್ದು."

ರಮ್ಯ "ಆಯ್ತು" ಎಂದಳು, ಅನುಮಾನ ಬರುವಷ್ಟು ಸುಲಭವಾಗಿ.

ಕೆಡವಿದ ಮನೆಗಳ ಮರ ಮಾರುವ ಗಯಾಸ್‌ನ ಅಂಗಡಿ ಇದ್ದದ್ದು ಟಿ. ದಾಸರಹಳ್ಳಿಯಲ್ಲಿ. ಅವನು ತೊಲೆ, ಕಂಬಗಳ ರಾಶಿಯಿಂದ ನಾಲ್ಕಡಿ ಉದ್ದದ ದಪ್ಪ ತುಂಡೊಂದನ್ನು ಎಳೆದು, "ಹಳೇ ತೇಗ ಸಾರ್, ಒಂದು ಹುಳ ಮುಟ್ಟಿಲ್ಲ" ಎಂದ. ಹೋದ ಜನ್ಮದಲ್ಲಿ ಇದು ಏನಾಗಿತ್ತು ಎಂದು ಬುದ್ಧಿಯಿದ್ದವರು ಕೇಳುತ್ತಿದ್ದರು. ಅಶ್ವತ್ಥ ಕೇಳಿದ್ದು, ಆಟೋದಲ್ಲಿ ಹಿಡಿಸುತ್ತಾ ಅಂತ.

ನಾಲ್ಕು ಭಾನುವಾರ ಬಾಲ್ಕನಿಯಲ್ಲಿ ಮಹಾಯಜ್ಞ ನಡೆಯಿತು. ತೇಗದ ತುಂಡು ಮೇಲೆ ಕೂರುವ ಪೀಠವಾಯಿತು, ಪ್ಯಾಕಿಂಗ್ ಹಲಗೆಗಳು ಕೆಳಗೆ ಚಪ್ಪಲಿಯ ಅಂತಸ್ತುಗಳಾದವು. ಮರದಲ್ಲಿ ಹಳದಿ ಬಣ್ಣ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಉಜ್ಜಿ ಉಜ್ಜಿ ತೋಳು ಸೋತಿತೇ ಹೊರತು ಬಣ್ಣ ಹೋಗಲಿಲ್ಲ. ಅಶ್ವತ್ಥ ಅದನ್ನು ನ್ಯಾಚುರಲ್ ಶೇಡ್ ಎಂದು ಘೋಷಿಸಿ ಮೇಲೆ ವಾರ್ನಿಷ್ ಹೊಡೆದ. ಎರಡೂ ತುದಿಯಲ್ಲಿದ್ದ ಚೌಕ ತೂತುಗಳು ಕೊಡೆ ಸಿಗಿಸುವುದಕ್ಕೆ ಎಂದು ತೀರ್ಮಾನವಾಯಿತು. ಆಶ್ಚರ್ಯವೆಂದರೆ, ಸ್ಟ್ಯಾಂಡು ಕುಂಟಲಿಲ್ಲ. ರಮ್ಯ ಅದನ್ನು ಅಲ್ಲಾಡಿಸಿ ನೋಡಿದಳು, ಕೂತು ನೋಡಿದಳು, ಹನ್ನೆರಡು ಜೊತೆ ಚಪ್ಪಲಿ ಜೋಡಿಸಿದಳು. "ಪರ್ವಾಗಿಲ್ಲ ರೀ" ಎಂದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಇಂಥ ಪ್ರಶಸ್ತಿ ಅವನಿಗೆ ಸಿಕ್ಕಿರಲಿಲ್ಲ. ಬಾಲ್ಕನಿ ಉಳಿಯಿತು ಎಂದು ಅವನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಮಾರನೆಯ ದಿನ ಅತ್ತೆ ಮುನಿವೆಂಕಟಮ್ಮನವರು ಅಟ್ಟೂರಿನಿಂದ ಸೊಪ್ಪಿನ ಚೀಲದೊಂದಿಗೆ ಬಂದರು, ವಾರ ಇದ್ದು ಹೋಗಲು. ಅಳಿಯ ಸ್ಟ್ಯಾಂಡಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಅತ್ತೆ ಬಗ್ಗಿದರು, ತೂತಿನಲ್ಲಿ ಬೆರಳಿಟ್ಟರು, ಹಳದಿಯನ್ನು ಸವರಿದರು.

"ಅಳಿಯಂದ್ರೆ, ಮೇಲಕ್ಕೇಳಿ."

"ಹಳೇ ತೇಗ ಅತ್ತೆ. ಹೇಗಿದೆ?"

"ಒಸ್ಲು ಕಣಪ್ಪ ಇದು. ಯಾರದೋ ಮನೆ ತಲಬಾಗ್ಲಿಂದು. ಈ ತೂತಲ್ಲೇ ಬಾಗ್ಲು ಕಂಬ ಕೂರೋದು. ಅರಿಸ್ನ ನೋಡಿ, ಎಷ್ಟು ತಲೆ ಎಂಗಸ್ರು ಬಳಿದವ್ರೋ. ಇದ್ರ ಮೇಲೆ ಕೂತ್ಕಂಡು ಜೋಡು ಬಿಚ್ತೀರಲ್ಲ."

ಹೊಸ್ತಿಲು ಎಂದ ಕೂಡಲೇ ಅಶ್ವತ್ಥ ಸ್ಪ್ರಿಂಗಿನಂತೆ ಎದ್ದ. ಅವನೂ ಹೊಸ್ತಿಲು ತುಳಿದು ಅಮ್ಮನ ಕೈಲಿ ಏಟು ತಿಂದು ಬೆಳೆದವನೇ. ಅರ್ಧ ಗಂಟೆಯಲ್ಲಿ ಚಪ್ಪಲಿಗಳೆಲ್ಲ ಹೊರಗೆ ಬಿದ್ದವು. ಸ್ಟ್ಯಾಂಡಿಗೆ ಸ್ನಾನವಾಯಿತು, ಅರಿಶಿನ ಕುಂಕುಮವಾಯಿತು, ತೂತುಗಳಲ್ಲಿ ಚೆಂಡುಹೂವು ಕೂತವು. ಕೆಳಮನೆಯ ಗೋಪಾಲಮ್ಮ ಬಂದು ಕೈಮುಗಿದು, "ಎಷ್ಟು ಲಕ್ಷಣವಾಗಿದೆ. ಯಾವ ಆಚಾರಿ ಮಾಡಿದ್ದು?" ಎಂದು ಕೇಳಿದರು.

"ನಮ್ಮಳಿಯಂದ್ರೇಯ," ಎಂದರು ಅತ್ತೆ.

ಅಶ್ವತ್ಥನ ಎದೆ ಉಬ್ಬಿತು. ಉಬ್ಬಿದ ಎದೆಯ ಎದುರಿಗೇ ರಮ್ಯ ಕೈಕಟ್ಟಿ ನಿಂತಿದ್ದಳು.

"ಚಪ್ಪಲಿ ನಿಲ್ತಾ?"

"ಟೆಕ್ನಿಕಲಿ ನೋಡಿದ್ರೆ..."

"ನಿಲ್ತಾ ರೀ?"

"ಇಲ್ಲ."

ಭಾನುವಾರ ಬಾಲ್ಕನಿ ಖಾಲಿಯಾಯಿತು. ಗರಗಸ, ಉಳಿಗಳು ಮೂಟೆ ಕಟ್ಟಿಸಿಕೊಂಡು ಅಟ್ಟ ಸೇರಿದವು. ಅವುಗಳ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ಸ್ಟ್ಯಾಂಡೊಂದು ಬಂದು ನಿಂತಿತು. ಸೋಮವಾರ ಅಶ್ವತ್ಥ ಬಾಲ್ಕನಿಗೆ ಹೋಗಿ ಶೂ ಎತ್ತಿಕೊಂಡು, ಬರಿಗಾಲಲ್ಲೇ ಇಡೀ ಮನೆ ದಾಟಿ ಮುಂಬಾಗಿಲಿಗೆ ಬಂದ.

"ಅಳಿಯಂದ್ರೆ, ಅಂಗೇ ಓಗ್ಬೇಡಿ," ಎಂದರು ಅತ್ತೆ ಅಡುಗೆಮನೆಯಿಂದಲೇ.

ಶೂಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಅಶ್ವತ್ಥ ತಾನೇ ಮಾಡಿದ ಚಪ್ಪಲಿ ಸ್ಟ್ಯಾಂಡಿಗೆ ಭಕ್ತಿಯಿಂದ ತಲೆಬಾಗಿದ.