ಯಜಮಾನ್ರು ಬಂದಿಲ್ವಾ?

ವಾರಕ್ಕೊಮ್ಮೆಯಾದರೂ ಯಾರೋ ಒಬ್ಬ ಗಂಡಸು ನನ್ನ ಗಂಡನನ್ನು ಹುಡುಕುತ್ತಾನೆ. ನನ್ನ ಗಂಡ ಕಳೆದುಹೋಗಿಲ್ಲ. ಕಂಪಲಾಪುರದ ಹತ್ತಿರ ನಮ್ಮ ಊರಿನ ಕೊಟ್ಟಿಗೆಯಲ್ಲಿ ಹಸುಗಳ ಜೊತೆ ಕ್ಷೇಮವಾಗಿದ್ದಾರೆ. ಆದರೂ ನಾನು ಗಾಡಿ ಕೊಳ್ಳಲು ಹೋಗಲಿ, ರಿಪೇರಿಗೆ ಹೋಗಲಿ, ಬರೀ ಚಕ್ರಕ್ಕೆ ಗಾಳಿ ತುಂಬಿಸಲು ಹೋಗಲಿ, ಎದುರಿಗಿರುವವನು ನನ್ನ ತಲೆಯ ಮೇಲಿಂದ ಹಿಂದಕ್ಕೆ ಇಣುಕಿ ಒಂದೇ ಪ್ರಶ್ನೆ ಕೇಳುತ್ತಾನೆ: "ಯಜಮಾನ್ರು ಬಂದಿಲ್ವಾ?"

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದನ್ನು ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತು, ಬೇರೆಯವರು ಓದಿ ಬಿಸಾಕಿದ ಪೇಪರು ಓದಿ ಕಲಿತೆ. ಹೆಂಗಸರು ಕೈ ತೋರಿಸಿದರೆ ಬಸ್ಸು ನಿಲ್ಲಿಸದ ಡ್ರೈವರ್ ಹತ್ತಿರ, ರೇಷನ್ ತೂಕದಲ್ಲಿ ಕೈಚಳಕ ತೋರಿಸುವವನ ಹತ್ತಿರ, ಎಲ್ಲರ ಹತ್ತಿರವೂ ಜಗಳ ಮಾಡಿದ್ದೇನೆ. ಆಗ ಒಬ್ಬನೂ "ಯಜಮಾನ್ರು ಬಂದಿಲ್ವಾ" ಎಂದು ಕೇಳಲಿಲ್ಲ. ಬೈಗುಳ ತಿನ್ನಲು ನಾನೊಬ್ಬಳೇ ಸಾಕು, ಬ್ರೇಕು ಕ್ಲಚ್ಚಿನ ಮಾತಿಗೆ ಮಾತ್ರ ಗಂಡಸೇ ಬೇಕು.

ನಮಗೆ ಗಾಡಿ ಯಾಕೆ ಬೇಕಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ನಾವು ಒಂದಷ್ಟು ಹೆಂಗಸರು ಹೊಗೆಸೊಪ್ಪು ಮುರಿಯಲು, ಶುಂಠಿ ಕೀಳಲು ಕೂಲಿಗೆ ಹೋಗುವವರು. ಕೂಲಿ ಮೇಸ್ತ್ರಿಯ ಟೆಂಪೋದಲ್ಲಿ ಹೋಗುತ್ತಿದ್ದೆವು. ಗಂಡಸರು ಸೀಟಿನಲ್ಲಿ, ನಾವು ಹಿಂದೆ ನಿಂತು. ತಿರುವು ಬಂದಾಗಲೆಲ್ಲ ಮೇಸ್ತ್ರಿಯ ಕೈ ಯಾರಾದರೊಬ್ಬರ ಮೇಲೆ ಬೀಳುತ್ತಿತ್ತು. ರಸ್ತೆ ನೆಟ್ಟಗಿದ್ದರೂ ಅವನ ಕೈಗೆ ತಿರುವು ಬರುತ್ತಿತ್ತು. ಕೇಳಿದರೆ, "ನಾಳೆಯಿಂದ ನಿಂಗೆ ಜಾಗ ಇಲ್ಲ" ಎನ್ನುತ್ತಿದ್ದ. ಒಂದು ದಿನ ನಾವೆಲ್ಲರೂ ಒಟ್ಟಿಗೆ ಇಳಿದುಬಿಟ್ಟೆವು. ಸಂಘದಲ್ಲಿ ಸಾಲ ಎತ್ತಿ ಒಂದು ಹಳೇ ವ್ಯಾನು ತರುವುದೆಂದು ತೀರ್ಮಾನವಾಯಿತು. ಬಾಯಿ ಜೋರಿರುವವಳೇ ಕಲಿತು ಓಡಿಸಲಿ ಎಂದು ಸ್ಟೇರಿಂಗು ನನ್ನ ಕೈಗೆ ಬಂತು. ಮೇಸ್ತ್ರಿ ನಕ್ಕ. "ಎಂಗಸ್ರ ಗಾಡಿ ಎಷ್ಟು ದಿನ ಓಡ್ತದೆ ಬುಡ್ರವ್ವ. ನಿಮ್ ಜಾಗ ಅಂಗೇ ಇಟ್ಟಿರ್ತೀನಿ" ಎಂದ.

ಅವನು ಇಟ್ಟ ಜಾಗಕ್ಕೆ ನಾವು ವಾಪಸ್ಸು ಹೋಗಬಾರದು. ಅದಕ್ಕೆ ನಮ್ಮ ವ್ಯಾನು ನಿಲ್ಲಬಾರದು. ನನ್ನ ಪಾಡೆಲ್ಲ ಇಷ್ಟಕ್ಕೇ.

ಹುಣಸೂರಿನ ಬಿಸ್ಕತ್ತು

ನಮ್ಮ ಮನೆಯವರಿಗೆ ಗಾಡಿ ಎಂದರೆ ವಾಂತಿ. ಬಸ್ಸು ಹತ್ತಿದರೆ ಇಳಿಯುವವರೆಗೂ ನಿಂಬೆಹಣ್ಣು ಮೂಸುವ ಜೀವ. ಆವತ್ತು ಹಸುವಿಗೆ ಹಿಂಡಿ ತರುವುದಿತ್ತೆಂದು ನನ್ನ ಜೊತೆ ಹುಣಸೂರಿಗೆ ಬಂದಿದ್ದರು. ಹಳೇ ಗಾಡಿ ಮಾರುವವನ ಹತ್ತಿರ ಇಬ್ಬರೂ ಹೋದೆವು.

ಅವನು ಓಡಿಬಂದು "ಬನ್ನಿ ಸಾರ್" ಎಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದ. ಫ್ಯಾನನ್ನು ಅವರ ಕಡೆ ತಿರುಗಿಸಿದ. ಟೀ ತರಿಸಿದ, ಬಿಸ್ಕತ್ತು ಇಟ್ಟ. ನಾನು ನಿಂತೇ ಇದ್ದೆ.

"ಎಷ್ಟು ಕಿಲೋಮೀಟರ್ ಓಡಿದೆ?" ಎಂದು ನಾನು ಕೇಳಿದೆ.

"ಜಾಸ್ತಿ ಓಡಿಲ್ಲ ಸಾರ್. ಡಾಕ್ಟ್ರು ಇಟ್ಕೊಂಡಿದ್ದ ಗಾಡಿ" ಎಂದು ಅವರಿಗೆ ಹೇಳಿದ.

"ಟೈರು ಯಾವಾಗ ಹಾಕಿದ್ದು?" ಎಂದೆ.

"ಮೊನ್ನೆ ಮೊನ್ನೆ ಹಾಕ್ಸಿದ್ದು ಸಾರ್" ಎಂದು ಮತ್ತೆ ಅವರಿಗೇ ಹೇಳಿದ.

ಪ್ರಶ್ನೆ ನನ್ನ ಬಾಯಿಂದ, ಉತ್ತರ ಅವರ ಕಿವಿಗೆ. ಅವರೋ ಬಿಸ್ಕತ್ತು ಟೀಗೆ ಅದ್ದುವುದರಲ್ಲಿ ಮುಳುಗಿದ್ದರು. ಕೊನೆಗೆ ಮಾರುವವನಿಗೆ ನನ್ನ ಮೇಲೂ ಕನಿಕರ ಬಂತು. "ಅಕ್ಕಾ, ನೀವು ಈ ಕಡೆ ಬನ್ನಿ. ಇಲ್ಲೊಂದು ಕನ್ನಡಿ ಐತೆ ನೋಡಿ, ಕುಂಕುಮ ಸರಿ ಮಾಡ್ಕೋಬೋದು."

"ಹಿಂದೆ ಬರೋ ಲಾರಿ ಕಾಣ್ತದಾ ಅದ್ರಲ್ಲಿ?"

"ಅದು ಬೇರೆ ಕನ್ನಡಿ ಅಕ್ಕ. ಅದನ್ನ ಡ್ರೈವರ್ ನೋಡ್ಕೋತಾರೆ."

"ಡ್ರೈವರ್ ನಾನೇ ಕಣಪ್ಪ."

ಅವನು ಗಹಗಹಿಸಿ ನಕ್ಕು, "ಮೇಡಮ್ ಬಾಳ ತಮಾಸೆ ಮಾಡ್ತಾರೆ ಸಾರ್" ಎಂದು ನಮ್ಮ ಮನೆಯವರಿಗೆ ಹೇಳಿದ. ಆಮೇಲೆ ಅವರ ಮುಂದೆ ಬಗ್ಗಿ, "ನಿಮ್ಗೇನಾದ್ರೂ ಡೌಟಿದ್ರೆ ಕೇಳಿ ಸಾರ್, ಸಂಕೋಚ ಬ್ಯಾಡಿ" ಎಂದ.

ನಮ್ಮ ಮನೆಯವರು ಕೊನೆಯ ಬಿಸ್ಕತ್ತು ನುಂಗಿ, ವ್ಯಾನನ್ನು ಮೇಲಿಂದ ಕೆಳಗೆ ನೋಡಿ, ಗಂಭೀರವಾಗಿ ಕೇಳಿದರು: "ಇದ್ರಲ್ಲಿ ಗೊಬ್ರ ಹೊಡೀಬೋದಾ?"

ಅವನು ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಆಮೇಲೆ ಕುರ್ಚಿ ಎಳೆದು ನನಗೆ ಹಾಕಿ, "ಅಕ್ಕಾ, ನೀವೇ ಮಾತಾಡಿ" ಎಂದ.

ಪಿರಿಯಾಪಟ್ಟಣದ ಇಲಿ

ಒಂದು ಬೆಳಿಗ್ಗೆ ವ್ಯಾನು ಮಿಸುಕಲಿಲ್ಲ. ಕೀಲಿ ತಿರುಗಿಸಿದರೆ ದೀಪವಿಲ್ಲ, ಹಾರ್ನಿಲ್ಲ, ಏನೂ ಇಲ್ಲ. ಬೆಟ್ಟದಪುರದಕ್ಕ ನನ್ನ ಜೊತೆಗಿದ್ದಳು. ಬೆಟ್ಟದಪುರದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಹೊಗೆಸೊಪ್ಪು ಮುರಿಯುವುದರಲ್ಲಿ ಎಷ್ಟು ಚುರುಕೋ ಮಾತಿನಲ್ಲೂ ಅಷ್ಟೇ. ಪಿರಿಯಾಪಟ್ಟಣದಿಂದ ಮೆಕ್ಯಾನಿಕ್ಕನ್ನು ಕರೆಸಿದೆವು.

ಬಂದವನು ಗಾಡಿ ಮುಟ್ಟಲಿಲ್ಲ. ದೂರದಿಂದಲೇ ಕೇಳಿದ: "ಯಾರ್ ಓಡ್ಸಾದು?"

"ನಾನು."

"ಅದೇ ಮತ್ತೆ. ಎಂಗಸ್ರು ಓಡ್ಸಿದ್ರೆ ಇಂಗೇಯ. ಕ್ಲಚ್ ಮ್ಯಾಲೆ ಕಾಲಿಡ್ತಾರೆ, ಗಾಬ್ರಿ ಬೀಳ್ತಾರೆ, ಗಾಡಿಗೂ ಗಾಬ್ರಿ ಆಯ್ತದೆ."

"ರಾತ್ರಿಯೆಲ್ಲಾ ಇಲ್ಲೇ ನಿಂತಿತ್ತು ಕಣಪ್ಪ. ನಿಂತಿರೋ ಗಾಡಿಗೆ ಯಾತರ ಗಾಬ್ರಿ?"

"ಎಂಗಸ್ರು ನಿಲ್ಸಿದ್ರೂ ಅಂಗೇಯ" ಎಂದ.

ಈ ವ್ಯಾನಿನ ಇಂಜಿನ್ನು ಸೀಟಿನ ಕೆಳಗಿರುತ್ತದೆ. ಅವನು ನಮಗೆ ಇನ್ನಷ್ಟು ಬುದ್ಧಿ ಹೇಳುತ್ತಲೇ ಸೀಟು ಎತ್ತಿದ. ಒಳಗಿಂದ ಹೆಗ್ಗಣದಂಥ ಒಂದು ಇಲಿ ಅವನ ತೋಳಿನ ಮೇಲೇ ಹತ್ತಿ, ಭುಜ ದಾಟಿ ಹಾರಿಹೋಯಿತು. ಅವನು "ಅಯ್ಯಯ್ಯಪ್ಪೋ" ಎಂದು ಕೂಗಿಕೊಂಡು ನಮ್ಮ ತಿಪ್ಪೆಯವರೆಗೆ ಓಡಿದ. ಗಾಬರಿ ಎಂದರೆ ಏನು ಎಂದು ನಮಗೆ ಆಗ ಗೊತ್ತಾಯಿತು. ನೋಡಿದರೆ ವೈರುಗಳನ್ನೆಲ್ಲ ಇಲಿ ಕಚ್ಚಿ ಹರಿದಿತ್ತು.

ಬೆಟ್ಟದಪುರದಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈಗೇನಂತೀಯಪ್ಪಾ? ವೈರ್ ಕಡಿದೋಳು ಇವ್ಳಾ, ಇಲಿಯಾ?"

ಮೆಕ್ಯಾನಿಕ್ಕು ಅಂಗಿ ಕೊಡವಿಕೊಂಡ. ಸೋಲೊಪ್ಪುವ ಜಾತಿಯೇ ಅಲ್ಲ.

"ಎಣ್ಣು ಇಲಿ ಇರ್ಬೇಕು ಕಣವ್ವ" ಎಂದ.

ಕಂಪಲಾಪುರದ ಪಾಠಶಾಲೆ

ಇದು ಚಿಕ್ಕದು. ಕಂಪಲಾಪುರದ ಟೀ ಹೋಟೆಲ್ ಮುಂದೆ ನಾನು ವ್ಯಾನು ಹಿಂದಕ್ಕೆ ತೆಗೆದರೆ ಸಾಕು, ಒಳಗೆ ಕೂತಿದ್ದ ಗಂಡಸರೆಲ್ಲ ಲೋಟ ಬಿಟ್ಟು ಎದ್ದು ಬರುತ್ತಾರೆ. ಒಬ್ಬ "ಬಲಕ್ಕೆ ಒಡೀರಿ" ಎನ್ನುತ್ತಾನೆ, ಇನ್ನೊಬ್ಬ "ಎಡಕ್ಕೆ, ಎಡಕ್ಕೆ" ಎನ್ನುತ್ತಾನೆ, ಮೂರನೆಯವನು ಸುಮ್ಮನೆ "ಬರ್ಲಿ ಬರ್ಲಿ" ಎಂದು ಕರೆಯುತ್ತಾನೆ. ಎಲ್ಲಿಗೆ ಬರಲಿ ಎಂದು ಅವನಿಗೂ ಗೊತ್ತಿಲ್ಲ. ಒಂದು ದಿನ ಬೇಸತ್ತು ಇಳಿದು, ಕೀಲಿ ಮುಂದೆ ಚಾಚಿ, "ಯಾರಾದ್ರೂ ಒಬ್ರು ತೆಗ್ದುಕೊಡಿ" ಎಂದೆ. ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ "ಬರ್ಲಿ ಬರ್ಲಿ"ಯವನು ತಲೆ ಕೆರೆದುಕೊಂಡು ಹೇಳಿದ: "ನಮಗೆ ಏಳ್ಕೊಡಾಕೆ ಮಾತ್ರ ಬತ್ತದೆ ಕಣಕ್ಕ."

ಸಾಲಿಗ್ರಾಮದ ಬಸ್ಸು

ಬ್ರೇಕು ಕಿರ್ ಎನ್ನುತ್ತಿತ್ತು. ಕೆ.ಆರ್. ನಗರದ ಬಸ್ ನಿಲ್ದಾಣದ ಹತ್ತಿರದ ಗ್ಯಾರೇಜಿಗೆ ಒಬ್ಬಳೇ ಹೋಗಿದ್ದೆ. ಮೆಕ್ಯಾನಿಕ್ಕು ಚಕ್ರ ಬಿಚ್ಚಿ ನೋಡಿ, ಕೈ ಒರೆಸಿಕೊಂಡು, ನನ್ನ ತಲೆಯ ಮೇಲಿಂದ ಇಣುಕಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಮುಖ ಅರಳಿತು. "ಓ, ಯಜಮಾನ್ರು ಇಲ್ಲೇ ಅವ್ರಲ್ಲ!"

ತಿರುಗಿ ನೋಡಿದೆ. ನಮ್ಮ ವ್ಯಾನಿನ ನೆರಳಿನಲ್ಲಿ ಬಿಳೀ ಅಂಗಿಯ, ಕಂಕುಳಲ್ಲಿ ಚೀಲ ಇಟ್ಟುಕೊಂಡ ಒಬ್ಬರು ಬಸ್ಸಿಗೆ ಕಾಯುತ್ತ ನಿಂತಿದ್ದರು. ಜನ್ಮದಲ್ಲಿ ಅವರನ್ನು ನೋಡಿರಲಿಲ್ಲ. ಬೈಯಲು ಹೊರಟವಳು, ನೋಡೇಬಿಡೋಣ ಎಂದು ಸುಮ್ಮನಾದೆ.

"ಯಜಮಾನ್ರೇ, ಬ್ರೇಕ್ ಶೂ ಪೂರ್ತಿ ಸವೆದೋಗವೆ. ಮನೆಯೋರು ಬ್ರೇಕ್ ಮೇಲೇ ಕಾಲಿಟ್ಕೊಂಡು ಓಡಿಸ್ತಾರೆ ಅನ್ಸುತ್ತೆ. ಸ್ವಲ್ಪ ಬುದ್ಧಿ ಏಳಿ."

ಆ ಮನುಷ್ಯ ನನ್ನನ್ನೊಮ್ಮೆ ನೋಡಿದರು. ನಿಟ್ಟುಸಿರು ಬಿಟ್ಟರು. "ಏಳಿದ್ದು ಕೇಳಾಕಿಲ್ಲ ಕಣಪ್ಪ. ಏನ್ ಮಾಡಾದು?"

"ಎರಡೂ ಕಡೆ ಹೊಸದು ಹಾಕ್ಲಾ?"

"ಹಾಕ್ಬುಡು. ಅರ್ಧಂಬರ್ಧ ಕೆಲ್ಸ ಬ್ಯಾಡ" ಎಂದು ಅಪ್ಪಣೆ ಕೊಟ್ಟರು. ಅಷ್ಟರಲ್ಲಿ ಸಾಲಿಗ್ರಾಮದ ಬಸ್ಸು ಬಂತು. ಚೀಲ ಸರಿಮಾಡಿಕೊಂಡು ಹತ್ತಿ ಹೊರಟೇಹೋದರು.

ಮೆಕ್ಯಾನಿಕ್ಕು ಸ್ಪ್ಯಾನರ್ ಹಿಡಿದುಕೊಂಡೇ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದ. "ಅವ್ವಾ, ಯಜಮಾನ್ರು ನಿಮ್ಮನ್ನ ಬುಟ್ಟು ಬಸ್ ಹತ್ಬುಟ್ರು!"

"ನಮ್ಮೋರು ಊರಲ್ಲಿ ಹಾಲು ಕರೀತಾವ್ರೆ. ಅವ್ರು ಸಾಲಿಗ್ರಾಮದಲ್ಲಿ ಇನ್ಯಾರಿಗೋ ಯಜಮಾನ್ರಿರ್ಬೇಕು."

ಅವನು ವಾಪಸ್ಸು ಬಂದು ಚಕ್ರದ ಮುಂದೆ ಕೂತ. ಎರಡೂ ಕಡೆ ಹೊಸದು ಹಾಕಿ ಮುಗಿಸಿದ ಮೇಲೂ ಅವನಿಗೆ ಒಂದೇ ಅನುಮಾನ ಉಳಿಯಿತು: "ಮತ್ತೆ ನೀವು ಏಳಿದ್ದು ಕೇಳಾಕಿಲ್ಲ ಅಂತ ಅವ್ರಿಗೆಂಗ್ ಗೊತ್ತಾಯ್ತು?"

ಕೋಟೆಯ ಗಂಡಸು

ಎಚ್.ಡಿ. ಕೋಟೆಯಲ್ಲಿ ಬೆಟ್ಟದಪುರದಕ್ಕನ ತಂಗಿ ಇದ್ದಾಳೆ. ಅವಳು ಅಕ್ಕನಿಗೆ ಒಂದು ಟಗರು ಕೊಡುತ್ತೇನೆಂದಿದ್ದಳು. ವ್ಯಾನಿನಲ್ಲಿ ಹೋಗಿ, ಟಗರನ್ನು ಹಿಂದೆ ಕಟ್ಟಿಕೊಂಡು ಹೊರಟೆವು. ಕೋಟೆ ದಾಟುವ ಮೊದಲೇ ಕ್ಲಚ್ಚು ತುಳಿದರೆ ಕಾಲು ತಳ ಮುಟ್ಟಿತು. ತಳ್ಳಿಕೊಂಡು ಗ್ಯಾರೇಜಿಗೆ ತಂದೆವು.

ಮಾರನೇ ಬೆಳಿಗ್ಗೆ ಗುರುಪುರದ ಹತ್ತಿರ ಶುಂಠಿ ಕೀಳುವ ಕೆಲಸ ನಮಗೆ ನಿಗದಿಯಾಗಿತ್ತು. ಹೊಲದವರು ಮೊದಲೇ ಹೇಳಿದ್ದರು: ಹೊತ್ತು ಹುಟ್ಟುವಾಗ ನಾವು ಅಲ್ಲಿರದಿದ್ದರೆ ಕೆಲಸ ಮೇಸ್ತ್ರಿಯ ಜನಕ್ಕೆ. ಯಾರು ಸುದ್ದಿ ಮುಟ್ಟಿಸಿದರೋ, ಆಗಲೇ ಮೇಸ್ತ್ರಿಯ ಫೋನು ಬಂತು. "ಗಾಡಿ ಮಲೀಕಂತಂತೆ? ನಾನ್ ಏಳಿರ್ಲಿಲ್ವಾ? ಜಾಗ ಇಟ್ಟಿದೀನಿ, ನಾಳೆ ಬಂದ್ಬುಡಿ." ನಗುತ್ತಿದ್ದ. ಬೆಟ್ಟದಪುರದಕ್ಕನಿಗೂ ಕೇಳಿಸಿತು. ಅವಳ ಮುಖ ನೋಡಲಾಗಲಿಲ್ಲ. ಆ ಟೆಂಪೋದಲ್ಲಿ ಹೆಚ್ಚು ತಿರುವು ಬರುತ್ತಿದ್ದದ್ದು ಅವಳ ಪಕ್ಕದಲ್ಲೇ.

ಗ್ಯಾರೇಜಿನವನು ನೋಡಿದ. "ಕ್ಲಚ್ ಕೇಬಲ್ ತುಂಡಾಗೈತೆ. ಯಜಮಾನ್ರು ಬಂದಿಲ್ವಾ?"

"ಇಲ್ಲ. ನೀನು ಹಾಕಪ್ಪ."

"ನಾನ್ ಬಿಚ್ಚಿದ್ಮೇಲೆ ನಿಮ್ ಯಜಮಾನ್ರು ಬಂದು, ಯಾರನ್ನ ಕೇಳಿ ಬಿಚ್ಚಿದೆ ಅಂತ ಜಗಳ ತೆಗೀತಾರೆ. ಗಂಡಸ್ರು ಯಾರಾದ್ರೂ ಒಬ್ರು ಬಂದು ಹೂಂ ಅನ್ಲಿ, ಬಿಚ್ತೀನಿ."

ಸಿಟ್ಟು ನುಂಗಿಕೊಂಡು ಮನೆಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟೆ. "ರೀ, ಕೇಬಲ್ ಹೋಗೈತೆ. ಹೊಸಾದು ಹಾಕು ಅಂತ ಇವ್ರಿಗೆ ಏಳಿ."

ನಮ್ಮ ಮನೆಯವರು ಆ ಕಡೆಯಿಂದ, "ಎಲ್ಲಿ ಹೋಗೈತೆ? ನಮ್ಮನೇಲಿ ಟಿವಿ ಚೆಂದಾಗಿ ಬತ್ತಾ ಅದಲ್ಲ!" ಎಂದರು.

ಗ್ಯಾರೇಜಿನವನು ತಲೆಯಾಡಿಸಿದ. "ಫೋನಲ್ಲಿ ಆಗಾಕಿಲ್ಲ. ಗಂಡಸ್ರು ಇಲ್ಲಿ ಕಣ್ಮುಂದೆ ನಿಂತು ಹೂಂ ಅನ್ಬೇಕು."

ಬೆಟ್ಟದಪುರದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೀದಾ ವ್ಯಾನಿನ ಹಿಂಬಾಗಿಲು ತೆಗೆದು, ಟಗರನ್ನು ಇಳಿಸಿ, ಹಗ್ಗ ಹಿಡಿದು ತಂದು ಅವನ ಮುಂದೆ ನಿಲ್ಲಿಸಿದಳು. "ತಕೋ. ಗಂಡಸು."

"ಏನವ್ವ, ತಮಾಸೆ ಮಾಡ್ತೀರಾ?"

"ಗಂಡಸು ಅಂದೆ ನೀನು. ಎಂಥಾ ಗಂಡಸು ಅಂತ ಏಳ್ನಿಲ್ಲ. ಅನುಮಾನ ಇದ್ರೆ ಬಗ್ಗಿ ನೋಡ್ಕೊ."

ಎದುರಿನ ಟೀ ಅಂಗಡಿಯವರೆಲ್ಲ ಎದ್ದು ಬಂದರು. ಅಕ್ಕ ಟಗರಿನ ಬೆನ್ನು ತಟ್ಟಿ, "ಹೂಂ ಅನ್ನಪ್ಪ" ಎಂದಳು. ಟಗರು ಕತ್ತೆತ್ತಿ ಜೋರಾಗಿ "ಬ್ಯಾ" ಎಂದಿತು.

ಟೀ ಅಂಗಡಿಯವನೊಬ್ಬ ಕೂಗಿದ: "ಬ್ಯಾಡ ಅಂತಾ ಅದೆ ಕಣ್ಲಾ!"

"ಬ್ಯಾಡ ಅಲ್ಲ, ಬ್ಯಾಗ ಅಂತಾ ಅದೆ" ಎಂದಳು ಅಕ್ಕ. "ಬ್ಯಾಗ ಮಾಡ್ಕೊಡು ಅಂತ."

ಜನ ಬಿದ್ದು ಬಿದ್ದು ನಕ್ಕರು. ಆ ನಗುವಿಗೆ ಹೆದರಿ ಗ್ಯಾರೇಜಿನವನು ಕೇಬಲ್ ತಂದು ಕೆಲಸಕ್ಕೆ ಕೂತ. ಹೊತ್ತು ಇಳಿಯುವ ಮೊದಲೇ ಮುಗಿಯಿತು. ಮುಗಿದ ಮೇಲೆ ಕೈ ಒರೆಸಿಕೊಂಡು ನನ್ನ ಮುಂದೆ ನಿಂತ. ಹೆಂಗಸರ ಮುಖ ನೋಡಿ ಗಾಡಿಯ ವಿಷಯ ಮಾತಾಡಿ ಅವನಿಗೆ ಅಭ್ಯಾಸವಿಲ್ಲ. ಅವನ ಕಣ್ಣು ತಾನಾಗಿಯೇ ನನ್ನನ್ನು ದಾಟಿ ಹಿಂದಕ್ಕೆ ಹೋಯಿತು. ಅಲ್ಲಿ ಟಗರು ನಿಂತಿತ್ತು.

"ಹೊಸಾ ಕೇಬಲ್ ಹಾಕಿವ್ನಿ" ಎಂದು ಟಗರಿಗೆ ಹೇಳಿದ. "ಒಂದೆರಡು ದಿನ ನಿಧಾನವಾಗಿ ಓಡ್ಸಿ. ಆಮೇಲೆ ಒಂದ್ಸಲ ತಂದು ತೋರ್ಸಿ, ಯಜಮಾ..."

ಅಲ್ಲಿಗೆ ಅವನಿಗೇ ಗೊತ್ತಾಯಿತು. ಮುಖ ಎಲ್ಲಿಡುವುದೋ ತಿಳಿಯದೆ, ಏನೋ ಬಿಗಿ ಮಾಡುವವನ ಹಾಗೆ ತಿರುಗಿ ವ್ಯಾನಿನೊಳಕ್ಕೆ ಬಗ್ಗಿದ. ಟಗರಿನ ಎದುರು ಹಾಗೆ ಬಗ್ಗಬಾರದು. ಅದು ಅಕ್ಕನ ಕೈಯಿಂದ ಹಗ್ಗ ಕಿತ್ತುಕೊಂಡು, ಎರಡು ಹೆಜ್ಜೆ ಹಿಂದೆ ಹೋಗಿ, ಓಡಿಬಂದು ಹೊಡೆದ ಹೊಡೆತಕ್ಕೆ ಅವನು ಸೀದಾ ಡ್ರೈವರ್ ಸೀಟಿನ ಮೇಲೆ ಹೋಗಿ ಬಿದ್ದ. ಹಾರ್ನ್ ಹೊಡೆದುಕೊಂಡಿತು. ಹಾರ್ನೂ ಸರಿಯಿದೆ ಎಂದು ತಿಳಿಯಿತು.

ಮಾರನೇ ದಿನ ಹೊತ್ತು ಹುಟ್ಟುವ ಮೊದಲೇ ಹದಿಮೂರು ಜನ ಹೆಂಗಸರು ನಮ್ಮ ವ್ಯಾನಿನಲ್ಲಿ ಒತ್ತಿ ಕೂತು ಗುರುಪುರದ ಕಡೆ ಹೊರಟೆವು. ಊರ ಬಾಗಿಲಲ್ಲಿ ಮೇಸ್ತ್ರಿ ಟೆಂಪೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬೆಟ್ಟದಪುರದಕ್ಕ ಕಿಟಕಿಯಿಂದ ತಲೆ ಹಾಕಿ, "ಜಾಗ ಅಂಗೇ ಇಟ್ಟಿರಪ್ಪ" ಎಂದಳು. ಇನ್ನೂ ಇಟ್ಟಿದ್ದಾನೆ.

ಕೇಬಲ್ ತೋರಿಸಲು ಮೊನ್ನೆ ಮತ್ತೆ ಕೋಟೆಗೆ ಹೋಗಿದ್ದೆ, ಒಬ್ಬಳೇ. ಗ್ಯಾರೇಜಿನವನು ನನ್ನನ್ನು ಕಂಡವನೇ ಎದ್ದು ನಿಂತ. ಕುರ್ಚಿ ಹಾಕಿದ. ಆದರೂ ಕಣ್ಣು ನನ್ನ ತಲೆಯ ಮೇಲಿಂದ ಹಿಂದಕ್ಕೇ ಹೋಯಿತು. ನನಗೆ ಮತ್ತೆ ಮೈ ಉರಿಯಿತು. ಇವನಿಗೆ ಬುದ್ಧಿ ಬರುವುದಿಲ್ಲ, ಇವತ್ತು ಇಲ್ಲೇ ಧರಣಿ ಕೂರುತ್ತೇನೆ ಎಂದು ಬಾಯಿ ತೆರೆದೆ. ಅವನು ವ್ಯಾನಿನ ಹಿಂಬಾಗಿಲನ್ನೇ ನೋಡುತ್ತ, ಗೋಡೆಗೆ ಬೆನ್ನು ಅಂಟಿಸಿಕೊಂಡು, ಮೆಲ್ಲಗೆ ಕೇಳಿದ:

"ಯಜಮಾನ್ರು ಬಂದಿಲ್ಲ ತಾನೇ?"