ಗಿಣಿಹಸಿರು ಕುಬಸ ಮತ್ತು ನನ್ನ ಕುರ್ಚಿ

ಬುದ್ಧಿ ಹೇಳಲು ನಾನು ಎದ್ದು ನಿಂತಾಗಲೆಲ್ಲ ಏನಾದರೊಂದು ಎಡವಟ್ಟು ನನಗಿಂತ ಮೊದಲೇ ಬಂದು ಕೂತಿರುತ್ತದೆ. ನ್ಯಾಮತಿಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಎದುರಿಗೇ ಸರ್ಕಾರಿ ಪ್ರೈಮರಿ ಶಾಲೆ. ಅಲ್ಲಿ ಎರಡನೇ ಕ್ಲಾಸಿಗೇ ನನ್ನನ್ನು ಬಿಡಿಸಿದ್ದರು. ಆಮೇಲೆ ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತವಳು ನಾನು. ಈಗ ನನ್ನ ಮಗಳು ಅದೇ ಶಾಲೆಯಲ್ಲಿ ಐದನೇ ಕ್ಲಾಸು, ನಾನು ಎಸ್‌ಡಿಎಂಸಿ, ಅಂದರೆ ಶಾಲೆ ಉಸ್ತುವಾರಿ ಸಮಿತಿಯ ಅಧ್ಯಕ್ಷೆ. ಆ ಕುರ್ಚಿಯಲ್ಲಿ ಕೂತಾಗ ನನ್ನ ಬೆನ್ನು ಹೊಲಿಗೆ ಮಿಷನ್ನಿನ ಮುಂದೆ ಎಂದೂ ನಿಲ್ಲದಷ್ಟು ನೆಟ್ಟಗೆ ನಿಲ್ಲುತ್ತದೆ.

ಶಪಥ

ಮೊದಲ ಸಭೆಯಲ್ಲೇ ಘೋಷಿಸಿದೆ: "ಇನ್ನು ಮ್ಯಾಲೆ ಈ ಗೇಟಿನೊಳಗೆ ಪ್ಲಾಸ್ಟಿಕ್ ಬರಂಗಿಲ್ಲ. ತಂದೋರು ಗಿಡಕ್ಕೆ ನೀರು ಹೊರಬೇಕು."

ಹೆಡ್‌ಮೇಡಂ ಮೆಲ್ಲಗೆ ಕೇಳಿದರು, "ದೊಡ್ಡೋರಿಗೂ ಇದೇ ದಂಡ ಏನಕ್ಕಾ?"

"ದೊಡ್ಡೋರಿಗೂ. ನಾನೇ ತಪ್ಪಿದರೆ ನೀರು ಹೊತ್ತು, ಕುರ್ಚೀನೂ ಬಿಡ್ತೀನಿ!"

ಕುರ್ಚಿ ಬಿಡು ಎಂದು ಯಾರೂ ಕೇಳಿರಲಿಲ್ಲ. ಚಪ್ಪಾಳೆ ಬಿತ್ತು ನೋಡಿ, ನಾಲಿಗೆ ತಾನೇ ಮುಂದೆ ಹೋಯಿತು. ಗೇಟಿನಲ್ಲಿ ಚೀಲ ತಪಾಸಣೆಗೆ ಮಕ್ಕಳ ಪರಿಸರ ಸಂಘ ಒಬ್ಬಳನ್ನು ನಾಯಕಿ ಮಾಡಿತು. ನನ್ನ ಮಗಳನ್ನೇ. ಹಠದಲ್ಲಿ ಅವಳು ಅಪ್ಪನ ಹಾಗಲ್ಲ, ನನ್ನ ಹಾಗೆ.

ಬಟ್ಟೆ ಚೀಲ

ಪ್ಲಾಸ್ಟಿಕ್ ಬೇಡ ಅಂದಮೇಲೆ ಬೇರೆ ಚೀಲ ಕೊಡಬೇಕಲ್ಲ? ಅಂಗಡಿಯಲ್ಲಿ ಉಳಿದ ಬಟ್ಟೆ ತುಂಡೆಲ್ಲ ಜೋಡಿಸಿ ಮಕ್ಕಳಿಗೆ ಬಣ್ಣಬಣ್ಣದ ಚೀಲ ಹೊಲಿದು ಪುಕ್ಕಟೆ ಹಂಚಿದೆ. ಊರೆಲ್ಲ ಹೊಗಳಿಕೆ. ಮಾರನೇ ದಿನ ಒಬ್ಬ ತಾಯಿ ಮಗನ ಚೀಲ ಹಿಡಿದುಕೊಂಡೇ ಅಂಗಡಿಗೆ ಬಂದಳು.

"ಅಕ್ಕಾ, ಬಟ್ಟೆ ಸಾಲಲ್ಲ ಅಂತ ನನ್ನ ಕುಬಸಕ್ಕೆ ಗಿಡ್ಡ ತೋಳು ಇಟ್ಟಿದ್ರಲ್ಲ?"

"ಹೂಂ, ಸಾಲಿರಲಿಲ್ಲವ್ವ."

"ಉಳಿದ ತೋಳು ಇಲ್ಲೈತೆ ನೋಡ್ರಿ. ಇದ್ರಾಗೆ ನನ್ನ ಮಗ ರೊಟ್ಟಿ ಡಬ್ಬಿ ಒಯ್ತಾನೆ."

ಗಿಡ್ಡ ತೋಳೇ ಈಗಿನ ಫ್ಯಾಷನ್ನು ಎಂದು ವಾದಿಸಿ ನೋಡಿದೆ. ಅವಳು ಹೋದಮೇಲೆ ಬೀದಿಯ ಹೆಂಗಸರೆಲ್ಲ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿಗೆ ಬಂದು ನಿಲ್ಲತೊಡಗಿದರು. ಮಕ್ಕಳನ್ನು ಕರೆದೊಯ್ಯಲು ಅಲ್ಲ, ತಂತಮ್ಮ ತೋಳು ಹುಡುಕಲು.

ಗೊಬ್ಬರದ ಗುಂಡಿ

ಮಿರ್ಚಿ ಪೇಪರಿನಲ್ಲಿ ಗೊಬ್ಬರದ ಗುಂಡಿಯ ಬಗ್ಗೆ ಒಂದು ಲೇಖನ ಸಿಕ್ಕಿತು. ಬಾಳೆಸಿಪ್ಪೆ, ತರಕಾರಿ ಕಸ, ಬಿಸಿಯೂಟದಲ್ಲಿ ಉಳಿದ ಅನ್ನ ಎಲ್ಲ ಹಾಕಿ ಎಂದಿತ್ತು. ಹೆಡ್‌ಮೇಡಂ, "ಯಾರನ್ನಾದ್ರೂ ಕೇಳಿ ಮಾಡೋಣ ಅಕ್ಕಾ" ಎಂದರು. "ಓದಿದೀನಿ ಮೇಡಂ, ಕೇಳಾಕೆ ಏನೈತೆ?" ಎಂದು ಶಾಲೆಯ ಅಂಗಳದಲ್ಲೇ ಗುಂಡಿ ತೋಡಿಸಿ, ಹೇಳಿದ್ದೆಲ್ಲ ತುಂಬಿಸಿದೆ.

ಮೇಲೆ ಮಣ್ಣು ಮುಚ್ಚಬೇಕು ಎಂಬುದು ಹರಿದುಹೋದ ಇನ್ನರ್ಧ ಪೇಪರಿನಲ್ಲಿತ್ತಂತೆ. ಆ ಅರ್ಧ ಬೇರೆ ಯಾರ ಮಿರ್ಚಿಯ ಜೊತೆ ಹೋಗಿತ್ತೋ! ಎರಡು ದಿನ ಕಳೆಯುವುದರೊಳಗೆ ಬೆಳಗಿನ ಪ್ರಾರ್ಥನೆಗೆ ಮಕ್ಕಳ ಸಾಲಿನ ಹಿಂದೆ ಊರ ಹಂದಿಗಳೂ ಸಾಲುಗಟ್ಟಿ ನಿಂತಿದ್ದವು.

ಹೆಡ್‌ಮೇಡಂ ಬೈಯಲಿಲ್ಲ. "ಅಕ್ಕಾ, ಮುಂದಿನ ಸಲ ಒಂದು ಪ್ಲೇಟು ಜಾಸ್ತಿ ಮಿರ್ಚಿ ತಗೊಳ್ರಿ. ಲೇಖನ ಪೂರ್ತಿ ಬರ್ಲಿ" ಎಂದರು.

ಉಡಿ

ಪರಿಸರ ದಿನದ ಕಾರ್ಯಕ್ರಮಕ್ಕೆ ಹೊನ್ನಾಳಿಯಿಂದ ಒಬ್ಬ ನಿವೃತ್ತ ಟೀಚರಮ್ಮ ಅತಿಥಿ. ಹಿಂದೆ ಇದೇ ಶಾಲೆಯಲ್ಲಿ ಪಾಠ ಮಾಡಿದವರು. ಗೇಟಿನಲ್ಲಿ ಮಗಳು ಎಲ್ಲರ ಚೀಲ ತಪಾಸಣೆ ಮಾಡಿದಳು. ನಾನು "ಅಧ್ಯಕ್ಷರು!" ಎಂದು ಗದರಿಸಿ, ಚೀಲ ತೋರಿಸದೆ ಒಳಗೆ ನಡೆದೆ.

ಪ್ಲಾಸ್ಟಿಕ್ಕಿನ ವಿರುದ್ಧ ಗಂಟಲು ಹರಿಯುವಂತೆ ಭಾಷಣ ಮಾಡಿದೆ. ಆಮೇಲೆ ಟೀಚರಮ್ಮನಿಗೆ ಉಡಿ ತುಂಬಲು ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಕುಬಸದ ಕಣ ತೆಗೆದೆ. ಮುಂದಿನ ಸಾಲಿನಿಂದ ಮಗಳು ಕೂಗಿದಳು:

"ಅವ್ವಾ, ಕವರ್!"

ಕಣ ಫಳಫಳ ಪ್ಲಾಸ್ಟಿಕ್ ಕವರಿನಲ್ಲಿತ್ತು. ನನ್ನ ಕಣ್ಣು ಕುರ್ಚಿಯ ಮೇಲೆ ಹೋಯಿತು.

"ಇದು ಕವರ್ ಅಲ್ಲವ್ವ, ಮರ್ಯಾದಿ" ಎಂದೆ.

"ಮರ್ಯಾದಿ ಅವರಿಗೆ ಕೊಡು. ಕವರ್ ನಮಗೆ ಕೊಡು."

ಕವರ್ ಬಿಚ್ಚಿದೆ. ಕಣ್ಣಿಗೆ ಚುಚ್ಚುವ ಗಿಣಿಹಸಿರು, ಮೇಲೆ ಕೆಂಪು ಚುಕ್ಕಿ, ನೇರಳೆ ಅಂಚು. ಯಾರು ತೊಡುತ್ತಾರೆ ಇದನ್ನ ಎಂದು ನಾನು ಕಪಾಟಿಗೆ ಎಸೆದಿದ್ದ ಕಣ.

ಟೀಚರಮ್ಮ ಕನ್ನಡಕ ಏರಿಸಿದರು. "ಅಯ್ಯ, ಇದು ಗೌರಿ ಹಬ್ಬಕ್ಕೆ ನಾನು ಹೆಡ್‌ಮೇಡಂಗೆ ಕೊಟ್ಟಿದ್ದಲ್ವಾ!"

ಹೆಡ್‌ಮೇಡಂ ಮೇಲೆ ತಿರುಗುವ ಫ್ಯಾನು ನೋಡತೊಡಗಿದರು. ನನ್ನ ಅಂಗಡಿ ಪೂಜೆಗೆ ಅದನ್ನು ನನಗೆ ಕೊಟ್ಟವರು ಅವರೇ.

"ಹೋಗ್ಲಿ ಬಿಡ್ರಿ" ಎಂದು ಟೀಚರಮ್ಮ ನಕ್ಕರು, "ನನಗೂ ಚನ್ನಗಿರಿ ಬೀಗರು ಕೊಟ್ಟಿದ್ದು. ಅವರಿಗ್ಯಾರು ಕೊಟ್ಟರೋ!"

ಮಗಳು ಎದ್ದು ನಿಂತಳು. "ಹಂಗಾದ್ರೆ ಈ ಕವರ್ ನಿಮ್ಮ ಮೂರೂ ಜನರ ಕೈ ದಾಟಿ ಬಂದೈತೆ. ಮೂರೂ ಜನ ನೀರು ಹೊರಬೇಕು."

ರೇಷ್ಮೆ ಸೀರೆ ಎತ್ತಿ ಕಟ್ಟಿ ಮೂವರೂ ಹೊತ್ತೆವು. ಕೊಡ ಇಳಿಸಿ, ಆಡಿದ ಮಾತಿನಂತೆ, "ಕುರ್ಚಿ ಬಿಟ್ಟೆ" ಎಂದೆ. ಮಕ್ಕಳು ಗುಂಪುಗೂಡಿ ಗುಸುಗುಸು ಮಾಡಿದರು. ಮಗಳು ಬಂದು ತೀರ್ಪು ಕೊಟ್ಟಳು: "ಕುರ್ಚಿ ನೀನೇ ಇಟ್ಕೊ ಅವ್ವಾ. ಆದ್ರೆ ಈ ಕಣ ಇನ್ನು ಎಲ್ಲಿಗೂ ಹೋಗಂಗಿಲ್ಲ. ಹೊಲ್ಕೊಂಡು, ಸಭೆ ಇದ್ದಾಗೆಲ್ಲ ತೊಟ್ಕೊಂಡು ಬರಬೇಕು."

ಹೊಲಿದೆ. ತೋಳನ್ನೂ ಉದ್ದಕ್ಕೇ ಇಟ್ಟೆ. ಊರಿನ ಕಣ್ಣೆಲ್ಲ ನನ್ನ ಕತ್ತರಿಯ ಮೇಲಿತ್ತು.

ಮೊನ್ನೆ ಜಗಳೂರಿನಿಂದ ನಮ್ಮ ಶಾಲೆ ನೋಡಲು ಬಂದ ಟೀಚರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಸಿರು ಶಾಲೆ ಅಂತ ಕುಬಸಾನೂ ಹಸಿರೇ ತೊಟ್ಟೀರಲ್ಲಕ್ಕಾ! ಅಧ್ಯಕ್ಷರು ಅಂದ್ರೆ ಹಿಂಗಿರಬೇಕು" ಎಂದರು.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದೆ:

"ಊರೂರು ಹುಡುಕಿ ತರಿಸಿದ್ದು ಮೇಡಂ."