ಮುತ್ತಿನಕೊಪ್ಪದಿಂದ ಶೃಂಗೇರಿಗೆ, ನೆನೆಯುತ್ತ

ಮಳೆಗಾಲದಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ಐದಾರು ದಿನ ನಡೆಯಬೇಕೆನ್ನುವ ಜನ ಇದ್ದಾರೆ. ಅವರನ್ನು ಮುತ್ತಿನಕೊಪ್ಪದಿಂದ ಹೊರಡಿಸಿ, ಕೊಪ್ಪ ದಾಟಿಸಿ, ಶೃಂಗೇರಿ ಮುಟ್ಟಿಸುವುದು ನನ್ನ ಕೆಲಸ. ಪ್ರತಿ ಸಲ ಮನೆಗೆ ಬಂದು, ಇದೇ ಕೊನೆ ಎನ್ನುತ್ತೇನೆ. ಹೆಂಡತಿ ಈಗೀಗ ತಲೆ ಎತ್ತಿಯೂ ನೋಡುವುದಿಲ್ಲ.

ಭಾರ

ಬ್ಯಾಂಕಿನ ಅಧಿಕಾರಿಯೊಬ್ಬರು ಬ್ಯಾಗಿಗೆ ಹೊಸ ರೈನ್ ಕವರ್ ಹಾಕಿಕೊಂಡು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಏದುಸಿರು ಬಿಡುತ್ತ, "ಬ್ಯಾಗು ಬೆಳಿಗ್ಗೆಗಿಂತ ಭಾರ ಆಗಿದೆ" ಎಂದರು. ಸುಸ್ತಾದವರೆಲ್ಲ ಹಾಗೇ ಹೇಳುತ್ತಾರೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗುಡ್ಡದ ತುದಿಯಲ್ಲಿ ಕೂತೇಬಿಟ್ಟರು. ಬಿಚ್ಚಿ ನೋಡಿದರೆ, ಬೆನ್ನಿನಿಂದ ಇಳಿದ ಮಳೆನೀರೆಲ್ಲ ಕವರಿನ ತಳದಲ್ಲಿ ಬಿಂದಿಗೆಯಷ್ಟು ನಿಂತಿದೆ. ಒಂದು ಕಪ್ಪೆಮರಿ ಬೇರೆ.

"ಒಂದು ಹನಿಯೂ ತೂರೋದಿಲ್ಲ ಅಂದಿದ್ದ ಅಂಗಡಿಯವ!" ಎಂದು ಕೂಗಾಡಿದರು.

"ಅವ ಹೇಳಿದ್ದು ಸರಿಯೇ ಸಾರ್. ನೋಡಿ, ಒಂದು ಹನಿಯೂ ಹೊರಗೆ ಹೋಗಿಲ್ಲ."

ಬಸ್ಸು

ನಮ್ಮ ಕಡೆಯ ಬಸ್ಸಿನವರಿಗೆ ಕರುಣೆ ಜಾಸ್ತಿ. ಎನ್.ಆರ್.ಪುರ ದಾಟಿ ಕೊಪ್ಪದ ರಸ್ತೆಯಲ್ಲಿ ತೊಪ್ಪೆಯಾಗಿ ನಡೆಯುತ್ತಿದ್ದಾಗ ಬಸ್ಸೊಂದು ಪಕ್ಕದಲ್ಲೇ ನಿಂತಿತು.

"ಹತ್ತಿ ಹತ್ತಿ" ಎಂದ ಕಂಡಕ್ಟರ್.

"ಬೇಡ, ನಾವು ನಡೀಲಿಕ್ಕೇ ಬಂದವರು" ಎಂದೆ.

ಇಡೀ ಬಸ್ಸು ಕಿಟಕಿಗೆ ಬಂತು. ಹೆಂಗಸೊಬ್ಬರು ನನ್ನನ್ನೇ ನೋಡಿ, "ಎಂತ ಮಾರಾಯ, ಮನೇಲಿ ಜಗಳವಾ?" ಎಂದರು. ಹತ್ತು ನಿಮಿಷ ವಾದವಾಗಿ ಬಸ್ಸು ಹೊರಟಿತು. ಎಣಿಸಿದರೆ, ತಂಡದಲ್ಲಿದ್ದ ಡಾಕ್ಟರೊಬ್ಬರು ಇಲ್ಲ! ಚರಂಡಿ, ಮೋರಿ ಎಲ್ಲ ಇಣುಕುತ್ತ ಒಂದು ಗಂಟೆ ಹುಡುಕಿದೆ. ಕೊನೆಗೆ ಫೋನಿನಲ್ಲಿ ಸಿಕ್ಕಿದರು. ಕೊಪ್ಪದ ಹೋಟೆಲಿನಲ್ಲಿ ಬಿಸಿ ಬೋಂಡ ತಿನ್ನುತ್ತಿದ್ದರು.

"ಅಷ್ಟು ಪ್ರೀತಿಯಿಂದ ಕರೆದರಲ್ರೀ. ಎಲ್ಲರೂ ಬೇಡ ಅಂದ್ರೆ ನಿಮ್ಮೂರವರಿಗೆ ಬೇಜಾರಾಗೋದಿಲ್ವ?"

ಕಾಲುಚೀಲ

ಬಸರೀಕಟ್ಟೆ ಹತ್ತಿರ ಒಂದು ಮನೆಯಲ್ಲಿ ತಂಗಿದ್ದೆವು. ತಂಡದಲ್ಲಿದ್ದ ಲೆಕ್ಚರರ್ ಮೇಡಂ ಒಬ್ಬರು ತಮ್ಮ ಎಂಟು ಕಾಲುಚೀಲಗಳನ್ನು ಅಡುಗೆಮನೆಯ ಒಲೆಯ ಮೇಲಿನ ಹಗ್ಗಕ್ಕೆ ಒಣಹಾಕಿದರು. ಬೆಳಿಗ್ಗೆ ಮನೆಯಾಕೆ ಕಾಫಿ ಕೊಟ್ಟರು. "ಇಷ್ಟು ಸ್ಟ್ರಾಂಗ್ ಕಾಫಿ ಕುಡಿದೇ ಇಲ್ಲ" ಎಂದು ಮೇಡಂ ಎರಡನೇ ಲೋಟ ಕೇಳಿ ಕುಡಿದರು. ಆಮೇಲೆ ಹೋಗಿ ನೋಡಿದರೆ ಹಗ್ಗದಲ್ಲಿ ಇದ್ದದ್ದು ಏಳು ಕಾಲುಚೀಲ. ಅವುಗಳ ಸಾಲಿನಲ್ಲೇ, ಖಡಕ್ಕಾಗಿ ಒಣಗಿದ ಕಾಫಿ ಸೋಸುವ ಬಟ್ಟೆ.

ಮನೆಯಾಕೆ ಕೆನ್ನೆಗೆ ಕೈ ಇಟ್ಟುಕೊಂಡು, "ಅದಕ್ಕೇ ಮತ್ತೆ! ಸೋಸೋ ಬಟ್ಟೆಗೆ ಹಿಮ್ಮಡಿ ಎಲ್ಲಿಂದ ಬಂತು ಅಂದ್ಕೊಂಡೆ" ಎಂದರು.

ಅಡ್ಡಗದ್ದೆಯಲ್ಲಿ

ಇನ್ನೊಂದು ಸಲದ ತಂಡದಲ್ಲಿ ನನ್ನ ಜೊತೆ ಇದ್ದವರು ಮೂವರೇ ಗಂಡಸರು. ಹಿರಿಯರೆಂದರೆ ಪೊದೆಮೀಸೆಯ ನಿವೃತ್ತ ಹೆಡ್ಮಾಸ್ಟರು. ಅಡ್ಡಗದ್ದೆ ಮುಟ್ಟುವಾಗ ಮೈಮೇಲಿನದ್ದು, ಬ್ಯಾಗಿನೊಳಗಿನದ್ದು ಎಲ್ಲ ಒದ್ದೆ. ಪರಿಚಯದ ಮನೆಯ ಯಜಮಾನರು ನಮ್ಮ ಬಟ್ಟೆಗಳನ್ನು ಬಚ್ಚಲೊಲೆಯ ಮೇಲೆ ಹರವಿ, "ನನ್ನ ಪಂಚೆಗಳೂ ಒಣಗಿಲ್ಲ ಮಾರಾಯ್ರೆ. ಹೆಂಡತಿ, ಮಗಳ ನೈಟಿ ಇದಾವೆ, ಹಾಕ್ಕೊಳ್ಳಿ. ಇಲ್ಲಿ ಯಾರು ನೋಡ್ತಾರೆ?" ಎಂದರು.

ಹೂವಿನ ನೈಟಿ ತೊಟ್ಟು ನಾಲ್ವರೂ ಜಗಲಿಯಲ್ಲಿ ಕಷಾಯ ಕುಡಿಯುತ್ತಿದ್ದೆವು. ಆಗ ಅಂಗಳಕ್ಕೆ ಜೀಪು ಬಂತು. ಸಂಜೆ ಹುಡುಗಿ ನೋಡಲು ಬರಬೇಕಾದವರು, ಹಳ್ಳಕ್ಕೆ ನೀರು ಏರೀತೆಂದು ಮಧ್ಯಾಹ್ನವೇ ಬಂದುಬಿಟ್ಟಿದ್ದರು! ಮನೆಯವರ ಮುಖ ಬಿಳಿಚಿತು. ಇದು ಮಗಳಿಗೆ ಬಂದ ಒಳ್ಳೆಯ ಸಂಬಂಧ. ನಾಚಿಕೆಯಿಂದ ಹೆಡ್ಮಾಸ್ಟರು ಟವೆಲನ್ನು ತಲೆ ಮೇಲೆ ಎಳೆದುಕೊಂಡು ಬಗ್ಗಿ ಕೂತರು. ಹುಡುಗನ ಅಜ್ಜಿಗೆ ಕಣ್ಣು ಮಂಜು. ನೇರವಾಗಿ ಹೋಗಿ ಅವರ ಪಕ್ಕ ಕೂತು, "ತಲೆ ಎತ್ತು ಕೂಸೆ" ಎಂದು ಗಲ್ಲ ಹಿಡಿದರು. ಮೀಸೆ ಕೈಗೆ ಸಿಕ್ಕಿತು.

ಬಾಗಿಲ ಸಂದಿಯಲ್ಲಿದ್ದ ಹುಡುಗಿ ಕಿಸಕ್ಕೆಂದಳು. ಅಂಗಳದಲ್ಲಿದ್ದ ಹುಡುಗನೂ ತಡೆಯಲಾರದೆ ನಕ್ಕ. ಅವರಿಬ್ಬರು ಮುಖ ನೋಡಿಕೊಂಡದ್ದೇ ಸಾಕಾಯಿತು, ಸಂಬಂಧ ಅಲ್ಲೇ ಕುದುರಿತು.

ಅಜ್ಜಿಗೆ ಎಲ್ಲರೂ ಸೇರಿ ವಿಷಯ ತಿಳಿಸಿ ಹೇಳಿದೆವು. ತಲೆಯಾಡಿಸಿದರು. ಹೊರಡುವಾಗ ಮಾತ್ರ ವಾಪಸು ಬಂದು, ಹೆಡ್ಮಾಸ್ಟರ ಬೆನ್ನು ಸವರಿ ಮೆಲ್ಲಗೆ ಹೇಳಿದರು: "ತಂಗಿಗೆ ಮೊದಲು ಆಯ್ತು ಅಂತ ಬೇಜಾರು ಮಾಡ್ಕೋಬೇಡ ಕೂಸೆ. ಮೀಸೆ ಇದ್ರೆ ಎಂತ ಆಯ್ತು, ನಿಂಗೂ ಒಂದು ಗಂಡು ಸಿಕ್ಕೇ ಸಿಗುತ್ತೆ."